ಆ ಕುರ್ಚಿಯಲ್ಲಿ ಆಮೇಲೆ ಕೂತವರು ಯಾರು?

ಕಳೆದ ತಿಂಗಳು ನಮ್ಮ ಇತಿಹಾಸದ ಮೇಷ್ಟ್ರು ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಅವರನ್ನು ನಡುಮನೆಯಲ್ಲಿ ಮಲಗಿಸಿದ್ದರು. ನನ್ನ ಕಣ್ಣು ಮೊದಲು ಹೋದದ್ದು ಅವರ ಎಡ ಅಂಗೈಯ ಕಡೆಗೆ. ಡಸ್ಟರನ್ನು ಮುಟ್ಟದೆ ಅಂಗೈಯಿಂದಲೇ ಬೋರ್ಡು ಒರೆಸುತ್ತಿದ್ದ ಆ ಕೈ, ನಾವು ಈ ಕಾಲೇಜಿನಲ್ಲಿ ಓದಿದ 1978ರಿಂದ 1981ರವರೆಗಿನ ಮೂರು ವರ್ಷವೂ ಸೀಮೆಸುಣ್ಣ ಮೆತ್ತಿಕೊಂಡೇ ಇತ್ತು. ಅಂದು ಅದರಲ್ಲಿ ಬಿಳಿಯ ಗುರುತೇ ಇರಲಿಲ್ಲ.

ಅವರು ಕಲಿಸಿದ ಪಠ್ಯದಲ್ಲಿ ಏನೇನಿತ್ತೆಂದು ಈಗ ಕೇಳಿದರೆ ಹೇಳಲಾರೆ. ಉಳಿದಿರುವುದು ಅವರ ಒಂದು ಪ್ರಶ್ನೆ. ಅಧಿಕಾರದಲ್ಲಾಗಲಿ ಸಾಹಿತ್ಯದಲ್ಲಾಗಲಿ ದೊಡ್ಡವರೆನಿಸಿಕೊಂಡ ಯಾರ ಮಾತು ಬಂದರೂ ಅವರು ಬೋರ್ಡಿನ ಮೂಲೆಯಲ್ಲಿ ಒಂದು ಕುರ್ಚಿಯ ಚಿತ್ರ ಬರೆದು, "ಇವರು ಎದ್ದ ಮೇಲೆ ಇಲ್ಲಿ ಯಾರು ಕೂತರು? ಇವರಿಂದಾಗಿ ಕೂತರೋ, ಇವರನ್ನು ತಳ್ಳಿ ಕೂತರೋ?" ಎಂದು ಕೇಳುತ್ತಿದ್ದರು. ಹಿರಿಯರ ಪ್ರಭಾವವನ್ನು ಅಳೆಯಲು ಅವರಲ್ಲಿದ್ದ ಅಳತೆಗೋಲು ಅದೊಂದೇ.

ಕನ್ನಡ ಪ್ರಾಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರ ಬಗ್ಗೆ ಹೇಳುವಾಗ ಅವರ ದನಿ ತಗ್ಗುತ್ತಿತ್ತು. ತತ್ತ್ವಶಾಸ್ತ್ರದ ಎಂ.ಎ.ಗೆ ಸೇರಲು ಹೊರಟಿದ್ದ ತರುಣ ಕುವೆಂಪು ಅವರನ್ನು ಕನ್ನಡದ ಕಡೆಗೆ ತಿರುಗಿಸಿದವರು ವೆಂಕಣ್ಣಯ್ಯ. 1939ರಲ್ಲಿ ಅವರು ತೀರಿಕೊಂಡಾಗ ಶಿಷ್ಯನ ಮಹಾಕಾವ್ಯ 'ಶ್ರೀ ರಾಮಾಯಣ ದರ್ಶನಂ' ಇನ್ನೂ ಅಚ್ಚಾಗಿರಲಿಲ್ಲ. ಅದು ಹೊರಬಂದಾಗ ಕುವೆಂಪು ಅದನ್ನು ಅರ್ಪಿಸಿದ್ದು ಆ ಗುರುವಿಗೆ. ವೆಂಕಣ್ಣಯ್ಯನವರ ಸ್ವಂತ ಬರಹ ದೊಡ್ಡ ರಾಶಿಯೇನಲ್ಲ, ಆದರೂ ಅವರ ಪ್ರಭಾವವನ್ನು ಬಿಟ್ಟು ಕನ್ನಡ ಸಾಹಿತ್ಯದ ಚರಿತ್ರೆ ಬರೆಯಲಾಗದು ಎಂದು ಮೇಷ್ಟ್ರು ಹೇಳುತ್ತಿದ್ದರು. ಕೆಂಗಲ್ ಹನುಮಂತಯ್ಯನವರನ್ನೂ ಅವರು ಹಾಗೆಯೇ ಕಂಡವರು. ಏಕೀಕರಣವಾದರೆ ತಮ್ಮ ಹಿಡಿತ ತಪ್ಪುತ್ತದೆಂದು ಹಳೆಯ ಮೈಸೂರಿನ ಅನೇಕ ಪ್ರಬಲರು ಹೆದರಿದ್ದಾಗ ಕೆಂಗಲ್ ಅದರ ಪರ ನಿಂತರು. 1956ರ ಆಗಸ್ಟ್‌ನಲ್ಲಿ, ರಾಜ್ಯ ಒಂದಾಗಲು ಇನ್ನು ಎರಡೂವರೆ ತಿಂಗಳಿರುವಾಗ, ಅವರು ಮುಖ್ಯಮಂತ್ರಿ ಪದವಿಯಿಂದ ಇಳಿಯಬೇಕಾಯಿತು. ತಾವೇ ಮುತುವರ್ಜಿಯಿಂದ ಕಟ್ಟಿಸಿದ ವಿಧಾನಸೌಧದಲ್ಲಿ ಒಂದಾದ ನಾಡಿನ ಮುಖ್ಯಮಂತ್ರಿಯಾಗಿ ಕೂರುವ ಯೋಗ ಅವರಿಗೆ ಬರಲಿಲ್ಲ, ಕೂತವರು ಎಸ್. ನಿಜಲಿಂಗಪ್ಪ.

ನಮ್ಮ ಕಿಡಿಗೇಡಿತನದ ಪ್ರಸಂಗವೂ ಕುರ್ಚಿಯದ್ದೇ. ಎರಡನೆಯ ವರ್ಷದ ವಾರ್ಷಿಕೋತ್ಸವಕ್ಕೆ ಒಬ್ಬ ಹಿರಿಯ ರಾಜಕಾರಣಿಯನ್ನೂ ಒಬ್ಬ ಹಿರಿಯ ಕವಿಯನ್ನೂ ಕರೆದಿದ್ದರು. ಅದೇ ವರ್ಷ ನಿವೃತ್ತರಾಗುತ್ತಿದ್ದ ನಮ್ಮ ಗ್ರಂಥಾಲಯದ ಜವಾನರಿಗೂ ಅಂದು ಶಾಲು ಹೊದಿಸುವುದಿತ್ತು. ಅವರ ಕುರ್ಚಿಯನ್ನು ವೇದಿಕೆಯ ಕೊನೆಯಲ್ಲಿ, ಕಂಬದ ಮರೆಗೆ ಹಾಕಿದ್ದರು. ಮುಖ್ಯ ಅತಿಥಿಗಳು ಬರುವುದು ಎರಡೂವರೆ ಗಂಟೆ ತಡವಾಯಿತು. ಬಿಸಿಲಿನಲ್ಲಿ ಕೂತು ಕೂತು ರೋಸಿಹೋದ ನಾವು ಮೂವರು ಗೆಳೆಯರು, ನೀರಿನ ಹೂಜಿ ಇಡುವ ನೆಪದಲ್ಲಿ ವೇದಿಕೆ ಹತ್ತಿ, ಹೆಸರಿನ ಚೀಟಿಗಳನ್ನು ಅದಲು ಬದಲು ಮಾಡಿಬಿಟ್ಟೆವು. ನಡುವಿನ ಎತ್ತರದ ಕುರ್ಚಿಯ ಮುಂದೆ ಜವಾನರ ಹೆಸರು, ಕಂಬದ ಮರೆಯಲ್ಲಿ ರಾಜಕಾರಣಿಯ ಹೆಸರು. ಅತಿಥಿಗಳು ಬಂದರು, ಚೀಟಿ ಓದಿದರು, ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಪ್ರಾಂಶುಪಾಲರು ಬೆವರು ಒರೆಸಿಕೊಳ್ಳುತ್ತಾ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು, ರಾಜಕಾರಣಿ ನಡುವೆ ಕೂತರು, ಏನಾಗುತ್ತಿದೆಯೆಂದು ತಿಳಿಯದ ಜವಾನರು ತಾವೇ ತಪ್ಪು ಮಾಡಿದವರಂತೆ ವೇದಿಕೆಯಿಂದ ಇಳಿಯಹೊರಟರು. ಆಗ ಆ ಕವಿಗಳು ಎದ್ದು ಅವರ ತೋಳು ಹಿಡಿದು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಹೋಗಿ ಕಂಬದ ಮರೆಯಲ್ಲಿ ಕೂತರು. ಅಂದಿನ ಭಾಷಣಗಳಲ್ಲಿ ಒಂದೂ ನೆನಪಿಲ್ಲ. ಕಂಬದ ಪಕ್ಕದಿಂದ ಕಾಣುತ್ತಿದ್ದ ಅವರ ಪಂಚೆಯ ಅಂಚು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಮರುದಿನ ಮೇಷ್ಟ್ರು ತರಗತಿಗೆ ಬಂದು, "ಚೀಟಿ ಬದಲಾಯಿಸಿದವರು ಏಳಿ" ಎಂದರು. ನಾವು ಎದ್ದೆವು. ಅವರು ಬೈಯಲಿಲ್ಲ. "ಒಬ್ಬ ಬಡವರನ್ನು ಎಲ್ಲರೆದುರು ನಿಲ್ಲಿಸಿ ನೋಯಿಸಿದಿರಿ. ಚೀಟಿ ಬದಲಾದರೆ ಕುರ್ಚಿ ಬದಲಾಗುವುದಿಲ್ಲ ಕಣ್ರಯ್ಯ. ಕುರ್ಚಿ ಹೇಗೆ ಬದಲಾಗುತ್ತದೆಂದು ಓದಿಕೊಂಡು ಬಂದು ಬರೆದು ತೋರಿಸಿ" ಎಂದು ಹೇಳಿ, ಒಂದು ತಿಂಗಳ ಕಾಲ ಸಂಜೆ ಗ್ರಂಥಾಲಯದಲ್ಲಿ ಕೂತು 1969ರ ಪತ್ರಿಕೆಗಳ ಕಟ್ಟನ್ನು ಓದುವ ಶಿಕ್ಷೆ ಕೊಟ್ಟರು. ಮೊದಲು ಜವಾನರ ಮನೆಗೆ ಹೋಗಿ ಕ್ಷಮೆ ಕೇಳಿ ಬರಬೇಕೆಂದೂ ಹೇಳಿದರು. ಹೋಗಿ ಕೇಳಿದೆವು.

ಆ ಹಳದಿಗಟ್ಟಿದ ಹಾಳೆಗಳಲ್ಲಿ ನಾನು ಹಿರಿಯರ ಪ್ರಭಾವದ ಏರನ್ನೂ ಇಳಿತವನ್ನೂ ಒಟ್ಟಿಗೆ ಕಂಡೆ. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ, ನಿಜಲಿಂಗಪ್ಪನವರೇ ಪಕ್ಷದ ಅಧ್ಯಕ್ಷರು, ಕಾಮರಾಜ್, ಎಸ್. ಕೆ. ಪಾಟೀಲ್, ಅತುಲ್ಯ ಘೋಷ್ ಮೊದಲಾದ ಹಿರಿಯರ ಕೂಟವನ್ನು ಪತ್ರಿಕೆಗಳು 'ಸಿಂಡಿಕೇಟ್' ಎಂದು ಕರೆಯುತ್ತಿದ್ದವು. ಪ್ರಧಾನಿ ಇಂದಿರಾ ಗಾಂಧಿಯವರ ಮನಸ್ಸಿಗೆ ವಿರುದ್ಧವಾಗಿ ಅವರು ರಾಷ್ಟ್ರಪತಿ ಸ್ಥಾನಕ್ಕೆ ಸಂಜೀವ ರೆಡ್ಡಿಯವರ ಹೆಸರನ್ನು ನಿಶ್ಚಯಿಸಿದರು. ಅದೇ ತಿಂಗಳ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು, ಆಗಸ್ಟ್‌ನಲ್ಲಿ ರಾಷ್ಟ್ರಪತಿ ಚುನಾವಣೆಯಲ್ಲಿ ಪ್ರಧಾನಿಯ ಬೆಂಬಲವಿದ್ದ ವಿ. ವಿ. ಗಿರಿ ಗೆದ್ದರು, ನವೆಂಬರ್ 12ರಂದು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಲಾಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ನಿಜಲಿಂಗಪ್ಪನವರ ತವರಾದ ನಮ್ಮ ರಾಜ್ಯದ 27 ಸ್ಥಾನಗಳೂ ಇಂದಿರಾ ಅವರ ಪಾಲಾದವು. ಮರುವರ್ಷ ದೇವರಾಜ ಅರಸರು ಮುಖ್ಯಮಂತ್ರಿಯಾಗಿ, ಅಲ್ಲಿಯವರೆಗೆ ವಿಧಾನಸೌಧದ ಮೆಟ್ಟಿಲನ್ನೂ ಹತ್ತದಿದ್ದ ಹಿಂದುಳಿದ ಸಮುದಾಯಗಳವರನ್ನು ಒಳಗೆ ಕರೆದರು.

ನಾನು ನಿಜಲಿಂಗಪ್ಪನವರನ್ನು ಕಟುವಾಗಿ ಟೀಕಿಸಿ ಬರೆದುಕೊಂಡು ಹೋದೆ. ಮೇಷ್ಟ್ರಿಗೆ ಅದು ಸಮಾಧಾನ ಕೊಡಲಿಲ್ಲ. ಏಕೀಕರಣಕ್ಕಾಗಿ ದುಡಿದ, ಖಾದಿಯನ್ನು ಎಂದೂ ಬಿಡದ ಆ ಮನುಷ್ಯ ದೊಡ್ಡವರೇ. ನಾಡನ್ನು ಕಟ್ಟಿದ ಅದೇ ಕೈ ಮುಂದೆ ಬಾಗಿಲನ್ನು ಒಳಗಿನಿಂದ ಹಿಡಿದುಕೊಂಡಿತು, ಎರಡನ್ನೂ ಒಂದೇ ಪುಟದಲ್ಲಿ ಬರೆಯಲು ಬಂದರೆ ಮಾತ್ರ ಇತಿಹಾಸ ಬಂದಂತೆ ಎಂದು ಹೇಳಿ ಹಾಳೆಗಳನ್ನು ಹಿಂದಿರುಗಿಸಿದರು. ಮೂರು ಸಲ ತಿದ್ದಿಸಿದರು.

ಸಾಹಿತ್ಯದಲ್ಲಿ ಅದೇ ಸಂಗತಿ ನಮ್ಮ ಕಣ್ಣೆದುರೇ ನಡೆಯುತ್ತಿತ್ತು. 1915ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಬೆಂಬಲದಿಂದ, ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು ಅಧಿಕಾರಸ್ಥ ಹಿರಿಯರು ಕನ್ನಡಕ್ಕೆ ಕೊಟ್ಟ ಮನೆ. ಆದರೆ 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಬೇಕೆಂಬ ಬೇಡಿಕೆಗೆ ಆ ಮನೆಯಲ್ಲಿ ಜಾಗ ಸಿಗಲಿಲ್ಲ. ಮಾರ್ಚ್‌ನಲ್ಲಿ ತರುಣ ಲೇಖಕರು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಸಿದರು. ಪರಿಷತ್ತಿನ ಆಜೀವ ಸದಸ್ಯರಾಗಿದ್ದ ಮೇಷ್ಟ್ರು ನಮಗೆ ಹಾಜರಿ ಹಾಕಿ ಅಲ್ಲಿಗೆ ಕಳಿಸಿದರು. "ನಮ್ಮ ಬಾಗಿಲು ಹಾಕಿದೆಯೆಂದರೆ ಅವರು ಬೇರೆ ಮನೆ ಕಟ್ಟದೆ ಇನ್ನೇನು ಮಾಡುತ್ತಾರೆ? ಹೋಗಿ ನೋಡಿ ಬನ್ನಿ" ಎಂದರು. 1973ರ ಬೂಸಾ ಪ್ರಕರಣದಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದ ಸಚಿವ ಬಸವಲಿಂಗಪ್ಪನವರ ಮೇಲೆ ಎಲ್ಲರೂ ಮುಗಿಬಿದ್ದಾಗ ಹಿರಿಯರಾದ ಕುವೆಂಪು ಆ ಸಚಿವರ ಪರ ಮಾತಾಡಿದ್ದನ್ನು ನಾವು ಕೇಳಿದ್ದೂ ಮೇಷ್ಟ್ರ ಬಾಯಿಂದಲೇ.

ಪದವಿ ಮುಗಿದ ಮೇಲೆ ನಾನು ಒಂದು ಸಣ್ಣತನ ಮಾಡಿದೆ. ಮೇಷ್ಟ್ರ ಸಹಪಾಠಿಯೊಬ್ಬರು ಆಗ ಪ್ರಭಾವಿಗಳಾಗಿದ್ದರು. ಅವರಿಗೊಂದು ಮಾತು ಹೇಳಿ ಎಂದು ವಶೀಲಿ ಕೇಳಿಕೊಂಡು ಹೋದೆ. ಮೇಷ್ಟ್ರು ಆಗದು ಎಂದರು. ಹಾಗೆಂದು ಕೈಬಿಡಲಿಲ್ಲ, ನಾಲ್ಕು ತಿಂಗಳು ದಿನಾ ಸಂಜೆ ಮನೆಗೆ ಕರೆಸಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿಸಿದರು. ಮೊದಲ ಯತ್ನದಲ್ಲೇ ಆಯ್ಕೆಯಾದೆ. ಮೂವತ್ತನಾಲ್ಕು ವರ್ಷ ಸರ್ಕಾರದ ಸೇವೆಯಲ್ಲಿದ್ದು, ಯಾರ ಚೀಟಿಯನ್ನೂ ಹಿಡಿಯದೆ ಹಿರಿಯ ಹುದ್ದೆಯಲ್ಲಿ ನಿವೃತ್ತನಾದೆ ಎಂಬುದನ್ನು ಅಭಿಮಾನದಿಂದಲೇ ಹೇಳುತ್ತೇನೆ. ನನ್ನ ಕೈಕೆಳಗೆ ಕೆಲಸ ಕಲಿತ ನಾಲ್ವರು ಇಂದು ನಾನಿದ್ದ ಹುದ್ದೆಗಿಂತ ಮೇಲಿದ್ದಾರೆ.

ಕಳೆದ ವರ್ಷ ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳು ನನ್ನನ್ನು ಸಂದರ್ಶಿಸಲು ಬಂದಿದ್ದರು. ಚುರುಕಾದ ಮಕ್ಕಳು. ವಿಧಾನಸೌಧ ಕಟ್ಟಿಸಿದವರು ಯಾರೆಂದು ಕೇಳಿದರೆ ತಟ್ಟನೆ ಹೇಳಿದರು. ಕೆಂಗಲ್ ಅವರ ಪದವಿ ಏಕೆ ಹೋಯಿತೆಂದರೆ ಮುಖ ಮುಖ ನೋಡಿಕೊಂಡರು. ಹೆಸರಿಗೆ ಇಸವಿಯನ್ನೂ ಇಸವಿಗೆ ಪ್ರಶಸ್ತಿಯನ್ನೂ ಹೊಂದಿಸಿ ಬರೆಯುವುದನ್ನೇ ಇತಿಹಾಸವೆಂದು ಕಲಿಸಿದರೆ ಮಕ್ಕಳದ್ದೇನು ತಪ್ಪು? ಹಳೆಯ ಪತ್ರಿಕೆಗಳ ಆ ಕಟ್ಟುಗಳು ಗ್ರಂಥಾಲಯದಲ್ಲಿ ಇನ್ನೂ ಇವೆಯೇ ಎಂದು ವಿಚಾರಿಸಿದೆ, ಅವರಿಗೆ ಗೊತ್ತಿರಲಿಲ್ಲ. ಇದ್ದರೆ ಅವನ್ನು ಬಿಚ್ಚಿ ಓದಿಸಬೇಕೆಂದು ಅಧ್ಯಾಪಕ ಬಂಧುಗಳನ್ನು ಕೇಳಿಕೊಳ್ಳುತ್ತೇನೆ.

ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನಾನು ಅಧ್ಯಕ್ಷನಾಗಿ ಹನ್ನೆರಡು ವರ್ಷವಾಯಿತು. ಗೆಳೆಯರು ಮತ್ತೆ ನೀವೇ ಇರಿ ಎನ್ನುತ್ತಿದ್ದಾರೆ. ಮೇಷ್ಟ್ರ ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಬಂದ ಸಂಜೆಯೇ ಕಾರ್ಯದರ್ಶಿಗಳಿಗೆ ರಾಜೀನಾಮೆ ಬರೆದು ಕಳಿಸಿದ್ದೇನೆ. 1996ರ ತಂಡದ ಒಬ್ಬ ಹೆಣ್ಣುಮಗಳ ಹೆಸರನ್ನು ಸೂಚಿಸಿದ್ದೇನೆ. ಬರುವ ಸಭೆಯಲ್ಲಿ ನನಗೆ ವೇದಿಕೆಯ ಮೇಲೆ ಕುರ್ಚಿ ಹಾಕುವುದು ಬೇಡವೆಂದು ಅದೇ ಪತ್ರದಲ್ಲಿ ತಿಳಿಸಿದ್ದೇನೆ.