ಕ್ಯಾಸೆಟ್ ಮಿಕ್ಸ್ ಅಪ್‌ಡೇಟ್: ವಾವ್, ಫ್ಲಟರ್ ಬಸ್‌ಗೆ ಹೋಯ್ತು

ಪಿಯಾನೋ, ಬೇಸ್, ಡ್ರಮ್ಸ್, ಒಂದು ಸಿಂತ್ ಪ್ಯಾಡ್ (ಹಿನ್ನೆಲೆಲಿ ಉದ್ದಕ್ಕೆ ನಿಲ್ಲೋ ಮೆತ್ತನೆ ಸ್ವರ) ಇರೋ ಟ್ರ್ಯಾಕ್ ಇದು, ಪೂರ್ತಿ ಒಂದೇ ಕ್ಯಾಸೆಟ್ಟಿಂದ ಬಂದಂಗೆ ಕೇಳಿಸ್ಬೇಕು ಅನ್ನೋದು ಆಸೆ. ಹಿಂದಿನ ವರ್ಶನ್‌ನಲ್ಲಿ ಪ್ರತಿ ಚಾನೆಲ್‌ಗೂ ಟೇಪ್ ಪ್ಲಗಿನ್ (ಟೇಪಿನ ಸದ್ದನ್ನ ಅನುಕರಿಸೋ ಸಾಫ್ಟ್‌ವೇರ್) ಇತ್ತು, ಈಗ ಸ್ಯಾಚುರೇಶನ್, ಅಂದ್ರೆ ಜೋರು ಸಿಗ್ನಲ್‌ಗೆ ಟೇಪ್ ಕೊಡೋ ಮೆತ್ತನೆ ಒಡಕು, ಮಾತ್ರ ಚಾನೆಲ್‌ಗಳಲ್ಲಿ ಉಳಿಸಿ ವಾವ್ (ಪಿಚ್‌ನ ನಿಧಾನ ಅಲ್ಲಾಟ), ಫ್ಲಟರ್ (ವೇಗದ ಅಲ್ಲಾಟ) ಎರಡನ್ನೂ ಎಲ್ಲಾ ಚಾನೆಲ್‌ಗಳೂ ಬಂದು ಸೇರೋ ಮಿಕ್ಸ್ ಬಸ್‌ಗೆ ತಂದಿದೀನಿ.

ಯಾಕಂದ್ರೆ ನಿಜವಾದ ಡೆಕ್‌ನಲ್ಲಿ ಓಡೋದು ಒಂದೇ ಟೇಪು, ಸ್ಪೀಡ್ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಎಲ್ಲಾ ವಾದ್ಯಗಳ ಪಿಚ್ಚೂ ಒಟ್ಟಿಗೇ ಅಲ್ಲಾಡುತ್ತೆ. 1979ರ ಟಾಸ್ಕಾಮ್ ಪೋರ್ಟಾಸ್ಟುಡಿಯೋ ಅನ್ನೋ ಕ್ಯಾಸೆಟ್ ರೆಕಾರ್ಡರ್‌ನಲ್ಲೂ ನಾಲ್ಕು ಟ್ರ್ಯಾಕ್ ಒಂದೇ ಕ್ಯಾಸೆಟ್ ಮೇಲೇ ಇದ್ದಿದ್ದು. ಚಾನೆಲ್‌ಗೊಂದು ಪ್ಲಗಿನ್ ಹಾಕಿ ಪ್ರತಿಯೊಂದೂ ತನ್ನಷ್ಟಕ್ಕೆ ರ್‍ಯಾಂಡಮ್ ಆಗಿ ಅಲ್ಲಾಡಿದ್ರೆ ಬೇಸ್ ಕೆಳಗೆ ಹೋಗೋ ಹೊತ್ತಿಗೆ ಪಿಯಾನೋ ಮೇಲಿರುತ್ತೆ, ಕಿವಿಗೆ ಅದು ಶ್ರುತಿ ಕೆಟ್ಟಂಗೇ ಕೇಳಿಸೋದು. ಬಸ್‌ಗೆ ತಂದ ಮೇಲೆ ವಾವ್ ಜಾಸ್ತಿ ಕೊಟ್ರೂ ಸ್ವರ ಸ್ವರ ಕೂಡಿಕೊಂಡೇ ಇರುತ್ತೆ, ನಂಗಂತೂ ಇದು ತುಂಬಾ ಖುಷಿ ಕೊಡ್ತು. ಮೂಲ ಸಿಗ್ನಲ್ (ಡ್ರೈ), ಎಫೆಕ್ಟ್ ಆದ ಸಿಗ್ನಲ್ (ವೆಟ್) ಎಷ್ಟೆಷ್ಟು ಅಂತ ಹೇಳೋ ಡ್ರೈ/ವೆಟ್ ನಾಬ್ ಮಾತ್ರ ಪೂರ್ತಿ ವೆಟ್‌ನಲ್ಲೇ ಇರ್ಬೇಕು, ಡ್ರೈ ಬೆರೆಸಿದ್ರೆ ಅಲ್ಲಾಡೋ ಸಿಗ್ನಲ್ಲೂ ಅಲ್ಲಾಡದ್ದೂ ಸೇರಿ ಒಂದೇ ವಾದ್ಯ ಎರಡಾದಂಗೆ ಕೇಳಿಸೋ ಕೋರಸ್ ಎಫೆಕ್ಟ್ ಆಗ್ಬಿಡುತ್ತೆ.

ಸ್ಯಾಚುರೇಶನ್‌ಗೆ ಚೌ ಟೇಪ್ ಮಾಡೆಲ್ ಅನ್ನೋ ಪ್ಲಗಿನ್ ಬಳಸ್ತಿದೀನಿ, ಫ್ರೀ, ಓಪನ್ ಸೋರ್ಸ್, ಟೇಪಿನ ಹಿಸ್ಟರೆಸಿಸ್ಸನ್ನೇ (ಹಿಂದಿನ ಸಿಗ್ನಲ್‌ನ ನೆನಪಿಟ್ಕೊಳ್ಳೋ ಕಾಂತೀಯ ಗುಣ) ಲೆಕ್ಕ ಹಾಕುತ್ತೆ. ಆದ್ರೆ ಅದರ ಮೂಲ ರೀಲ್ ಮಷಿನ್, ಕ್ಯಾಸೆಟ್ ಅಲ್ಲ. ಕ್ಯಾಸೆಟ್ ಓಡೋದು ಸೆಕೆಂಡಿಗೆ 4.76 ಸೆಂ.ಮೀ. ಅಷ್ಟೇ, ಟೇಪಿನ ಅಗಲ 4 ಮಿ.ಮೀ.ಗೂ ಕಮ್ಮಿ, ಹಂಗಾಗಿ ಲೆವೆಲ್ ಏರಿಸಿದಾಗ ಮೊದಲು ಸೋಲೋದು ಹೈ ಫ್ರೀಕ್ವೆನ್ಸಿ. ಸಿಂಬಲ್ ಮೆತ್ತಗಾಗುತ್ತೆ, ಕಿಕ್ ಹಂಗೇ ನಿಲ್ಲುತ್ತೆ. ಅದಕ್ಕೇ ಡ್ರಮ್ಸ್‌ಗೆ ಇನ್‌ಪುಟ್ ಜೋರಾಗಿ ಕೊಟ್ಟು ಔಟ್‌ಪುಟ್ ಅಷ್ಟೇ ಇಳಿಸ್ತೀನಿ, ಲೆವೆಲ್ ಮ್ಯಾಚ್ ಮಾಡದೆ ಎ/ಬಿ (ಎಫೆಕ್ಟ್ ಇಲ್ಲದ್ದು, ಇರೋದು ಹೋಲಿಸಿ) ಕೇಳಿದ್ರೆ ಜೋರಾಗಿರೋದೇ ಚೆನ್ನಾಗಿದೆ ಅನ್ಸುತ್ತೆ. ಸಿಂಬಲ್ ಇರೋ ಕಡೆ ಓವರ್‌ಸ್ಯಾಂಪ್ಲಿಂಗ್ (ಒಳಗೆ ಹೆಚ್ಚಿನ ಸ್ಯಾಂಪಲ್ ರೇಟ್‌ನಲ್ಲಿ ಲೆಕ್ಕ ಹಾಕೋದು) ಆನ್, ಇಲ್ಲಾಂದ್ರೆ ಅಲಿಯಾಸಿಂಗ್, ಅಂದ್ರೆ ಮೂಲದಲ್ಲಿಲ್ಲದ ಸುಳ್ಳು ಸ್ವರಗಳು, ಬರುತ್ತೆ, ಟೇಪ್ ಹಂಗೆ ಕರ್ಕಶವಾಗಿ ಕೂಗಲ್ಲ.

ಹಿಸ್ (ಟೇಪಿನ ಸುಸ್ಸ್ ಸದ್ದು) ಬಸ್ ಮೇಲಿನ ಕಂಪ್ರೆಸರ್ (ಜೋರಾದಾಗ ತಾನೇ ಲೆವೆಲ್ ತಗ್ಗಿಸೋದು) ಆದ್ಮೇಲೆ ಕೂತಿದೆ, ಮುಂಚೆ ಇಟ್ರೆ ಕಿಕ್ ಬಿದ್ದಾಗಲೆಲ್ಲ ಹಿಸ್ಸೂ ಇಳಿದು ಏರಿ ಉಸಿರಾಡಿದಂಗೆ ಕೇಳಿಸುತ್ತೆ.

ಮುಂದೆ ಪ್ಯಾಡ್‌ನ ಟೈಪ್ 2 (ಕ್ರೋಮ್) ಕ್ಯಾಸೆಟ್ ಥರ ಇನ್ನೂ ಕ್ಲಿಯರ್ ಇಡ್ಬೇಕಾ ಅಂತ ನೋಡ್ಬೇಕು, ಆಮೇಲೆ ಮೋನೋದಲ್ಲಿ ಒಂದ್ಸಲ ಪೂರ್ತಿ ಕೇಳಿ ಬೌನ್ಸ್ ಮಾಡೋದು, ಅಂದ್ರೆ ಮಿಕ್ಸನ್ನ ಒಂದೇ ಆಡಿಯೋ ಫೈಲ್ ಆಗಿ ತೆಗೆಯೋದು.