ಬಾಂಬಿಗೆ ನಾಲ್ಕು ಪುಟ

ಬಿ.ಎ. ಕೊನೆಯ ವರ್ಷ. ಕಾರವಾರದ ಸೆಕೆ. ಇತಿಹಾಸದ ಸೆಮಿನಾರಿಗೆ ಎಲ್ಲರೂ ಎರಡನೇ ಮಹಾಯುದ್ಧದ ದೊಡ್ಡ ವಿಷಯಗಳನ್ನೇ ಹಿಡಿದಿದ್ದರು. ಸ್ಟಾಲಿನ್‌ಗ್ರಾಡ್ ಮೂರು ಜನಕ್ಕೆ ಬೇಕಿತ್ತು. ನನಗೆ ಸರ್ ಕೊಟ್ಟದ್ದು ಒಂದು ಹಡಗು. ಎಚ್.ಎಂ.ಟಿ. ರೋಹ್ನಾ.

“ವಾಚಾ ಸರ್?” ಎಂದು ಹಿಂದಿನ ಬೆಂಚಿನವನು ಕೂಗಿದ. ಸರ್ ಕೂಡ ನಕ್ಕರು. ಎಚ್.ಎಂ.ಟಿ. ಅಂದರೆ ಬ್ರಿಟನ್ ದೊರೆಯ ಸೈನಿಕ ಸಾಗಣೆ ಹಡಗು ಎಂದು ಹೇಳಿ, ಒಂದು ಕಟ್ಟು ಜೆರಾಕ್ಸ್ ಹಾಳೆ ಕೈಗಿಟ್ಟರು.

ರೋಹ್ನಾ ಕಟ್ಟಿದ್ದು 1926ರಲ್ಲಿ. ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿಯದು, ಮದ್ರಾಸಿನಿಂದ ಸಿಂಗಾಪುರದ ಕಡೆ ಜನರನ್ನು ಒಯ್ಯುತ್ತಿತ್ತು. ಯುದ್ಧ ಬಂದ ಮೇಲೆ ಸೈನಿಕರನ್ನು ಹೊತ್ತಿತು. 1943ರ ನವೆಂಬರ್ 25ರಂದು ಅಲ್ಜೀರಿಯಾದ ಓರಾನ್ ಬಂದರಿನಿಂದ ಹೊರಟಾಗ ಅದರಲ್ಲಿ ಸುಮಾರು 2,000 ಅಮೆರಿಕನ್ ಸೈನಿಕರಿದ್ದರು. ಸುಯೆಜ್ ದಾಟಿ ಅವರು ಬರಬೇಕಿದ್ದದ್ದು ನಮ್ಮ ದೇಶಕ್ಕೇ.

ಮರುದಿನ ಸಂಜೆ ಜರ್ಮನ್ ವಿಮಾನಗಳು ಬಂದವು. ಬಿದ್ದದ್ದು ಸಾಧಾರಣ ಬಾಂಬಲ್ಲ. ರೆಕ್ಕೆ, ರಾಕೆಟ್ ಎರಡೂ ಇದ್ದ ಎಚ್‌ಎಸ್ 293. ವಿಮಾನದಲ್ಲಿ ಕೂತವನು ರೇಡಿಯೋದಿಂದ ಅದನ್ನು ಗುರಿಯ ಕಡೆ ತಿರುಗಿಸಬಹುದಿತ್ತು. ನಾನು ಇದರ ಮೇಲೇ ನಾಲ್ಕು ಪುಟ ಬರೆದೆ, ಚಿತ್ರ ಸಮೇತ!

ಹಡಗು ಒಂದೂವರೆ ಗಂಟೆಯೊಳಗೆ ಮುಳುಗಿತು. 22 ದೋಣಿಗಳಲ್ಲಿ ನೀರಿಗಿಳಿದದ್ದು ಎಂಟೇ. ಉಳಿದವುಗಳಲ್ಲಿ ಕೆಲವು ಒಡೆದಿದ್ದವು, ಕೆಲವು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಗಾಳಿ ತುಂಬುವ ಜೀವರಕ್ಷಕ ಪಟ್ಟಿಯನ್ನು ಕಂಕುಳ ಕೆಳಗೆ ಕಟ್ಟಬೇಕಿತ್ತು. ಎಷ್ಟೋ ಹುಡುಗರು ಸೊಂಟಕ್ಕೆ ಕಟ್ಟಿದರು. ನೀರಿಗೆ ಬಿದ್ದರೆ ಕಾಲು ಮೇಲೆ, ತಲೆ ಕೆಳಗೆ. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಪಯೊನಿಯರ್ ಎಂಬ ಅಮೆರಿಕದ ಹಡಗು ಒಂದೇ 606 ಜನರನ್ನು ಎತ್ತಿಕೊಂಡಿತು. ಸತ್ತವರು 1,100ಕ್ಕೂ ಜಾಸ್ತಿ, ಅದರಲ್ಲಿ 1,015 ಅಮೆರಿಕನ್ನರು. ಹೊಸ ಆಯುಧದ ಸುದ್ದಿ ಹೊರಬೀಳಬಾರದೆಂದು ಅಮೆರಿಕ ಎಲ್ಲವನ್ನೂ ಮುಚ್ಚಿಟ್ಟಿತು.

ಸೆಮಿನಾರಿನಲ್ಲಿ ಚಪ್ಪಾಳೆ ಬಿತ್ತು. ಸರ್ ಮಾತ್ರ ಕೇಳಿದರು, “ಹಡಗು ನಡೆಸ್ತಿದ್ದವರು ಯಾರು ಮಾರಾಯ?”

“ಕ್ಯಾಪ್ಟನ್ ಮರ್ಫಿ, ಸರ್. ಆಸ್ಟ್ರೇಲಿಯಾದವರು.”

“ಒಬ್ಬರೇ ನಡೆಸಿದ್ರಾ?”

ನಾನು ಸುಮ್ಮನಾದೆ. ಸಿಬ್ಬಂದಿ ಸುಮಾರು 195 ಜನ, ಹೆಚ್ಚಿನವರು ಭಾರತದ ಖಲಾಸಿಗಳು. ಹಾಳೆಯಲ್ಲಿ ಇತ್ತು, ನಾನೇ ಹಾರಿಸಿದ್ದೆ. ಖಲಾಸಿಗಳು ತಮಗಿಂತ ಮೊದಲು ದೋಣಿಗೆ ಓಡಿದರು ಎಂದು ಬದುಕುಳಿದ ಕೆಲವು ಸೈನಿಕರು ದೂರಿದ್ದೂ ಅಲ್ಲೇ ಇತ್ತು. ಓಡಿರಬಹುದು, ಕೆಲವರು. ಆದರೆ ಬಾಂಬು ಬಡಿದದ್ದು ಎಂಜಿನ್ ಕೋಣೆಯ ಹತ್ತಿರ. ಸಿಬ್ಬಂದಿಯಲ್ಲಿ ನೂರಕ್ಕೂ ಹೆಚ್ಚು ಜನ ಆ ದಿನ ಸತ್ತರು. ಸೈನಿಕರ ಮಾತು ಹಾಳೆ ತುಂಬ ಇತ್ತು. ಖಲಾಸಿಯೊಬ್ಬನ ಮಾತು ಒಂದು ಸಾಲೂ ಇರಲಿಲ್ಲ.

ನಮ್ಮ ತರಗತಿಯಲ್ಲಿ ತಾಂಡೇಲ ಎಂಬ ಅಡ್ಡಹೆಸರಿನವರು ಇಬ್ಬರಿದ್ದರು. ತಾಂಡೇಲ ಅಂದರೇನು ಎಂದು ಸರ್ ಕೇಳಿದರು. “ಖಲಾಸಿಗಳ ಮೇಲಿನವನು, ಸರ್,” ಎಂದ ಒಬ್ಬ. ಆಮೇಲೆ ಮೆಲ್ಲಗೆ, “ನಮ್ಮ ಅಜ್ಜ ಮುಂಬಯಿಂದ ಹಡಗು ಹತ್ತುತ್ತಿದ್ರಂತೆ. ಯಾವ ಹಡಗು ಅಂತ ಮನೇಲಿ ಯಾರಿಗೂ ಗೊತ್ತಿಲ್ಲ.”

ನನಗೆ ಹತ್ತಕ್ಕೆ ಆರು ಸಿಕ್ಕಿತು. ಕೊನೆಯ ಪುಟದಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದರು: “ಬಾಂಬಿಗೆ ನಾಲ್ಕು ಪುಟ. ಖಲಾಸಿಗೆ?”

ಮತ್ತೆ ಬರೆದುಕೊಟ್ಟೆ. ಲೈಬ್ರರಿಯಲ್ಲಿ ಎಷ್ಟು ತಡಕಿದರೂ ಮುಕ್ಕಾಲು ಪುಟ ತುಂಬಿತು, ಅಷ್ಟೇ.