ಯೂರೇಲ್ ಪಾಸ್ ತಗೊಳ್ಳಬೇಕಾ, ಬೇಡ್ವಾ?

ಯೂರೋಪಿಗೆ ಹೊರಟವರೆಲ್ಲ ನನಗೆ ಕೇಳುವುದು ಇದೊಂದೇ ಪ್ರಶ್ನೆ. ನಾಲ್ಕೈದು ಊರು ನೋಡಬೇಕು, ಊರಿಂದೂರಿಗೆ ರೈಲಲ್ಲೇ ಓಡಾಡಬೇಕು, ಯೂರೇಲ್ ಪಾಸ್ ಮಾಡಿಸೋದಾ ಅಥವಾ ಬಿಡಿ ಟಿಕೆಟಾ? ಮೊನ್ನೆ ಚಿಕ್ಕಪ್ಪನ ಮಗ ರಾತ್ರಿ ಹತ್ತೂವರೆಗೆ ಫೋನ್ ಮಾಡಿ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದುಬಿಡುತ್ತೇನೆ, ಇನ್ನು ಮುಂದೆ ಲಿಂಕ್ ಕಳಿಸಿದರಾಯ್ತು.

ನಮ್ಮಂಥವರಿಗೆ ಬಹಳ ಸಲ ಬೇಡ. ಕಾರಣ ಪಾಸು ಕೆಟ್ಟದ್ದು ಅಂತಲ್ಲ. ಕಾರಣ ವೀಸಾ.

ಪಾಸ್ ಅಂದರೆ ಏನು ನೋಡಿ. ಯೂರೋಪಿನ ಹೊರಗೆ ಇರುವವರಿಗಾಗಿ ಮಾಡಿದ್ದು, 33 ದೇಶಗಳಲ್ಲಿ ನಡೆಯುತ್ತದೆ. ಒಂದು ತಿಂಗಳಲ್ಲಿ 4 ದಿನ, 5 ದಿನ, 7 ದಿನ ಅಂತ ಕೊಂಡುಕೊಳ್ಳಬಹುದು. ಆ ದಿನ ಬೆಳಗಿನಿಂದ ರಾತ್ರಿವರೆಗೆ ಎಷ್ಟು ರೈಲು ಬೇಕಾದರೂ ಹತ್ತಿ ಇಳಿಯಬಹುದು. ಬೆಳಿಗ್ಗೆ ಎದ್ದಾಗ ವಿಯೆನ್ನಾದಲ್ಲಿ ಮಳೆ, ಸರಿ ಬುಡಾಪೆಸ್ಟಿಗೆ ಹೋಗೋಣ ಅನ್ನಿಸಿತು, ಹೊರಟೇಬಿಟ್ಟಿರಿ. ನೀವು ದುಡ್ಡು ಕೊಡುವುದು ಈ ಸ್ವಾತಂತ್ರ್ಯಕ್ಕೆ.

ಆದರೆ ಶೆಂಗೆನ್ ವೀಸಾಕ್ಕೆ (ಯೂರೋಪಿನ ಬಹುತೇಕ ದೇಶಗಳಿಗೆ ಸೇರಿ ಇರುವ ಒಂದೇ ವೀಸಾ) ಅರ್ಜಿ ಹಾಕುವಾಗಲೇ ನಾವು ಯಾವ ದಿನ ಯಾವ ಊರು, ಯಾವ ಹೋಟೆಲ್ ಅಂತ ಬರೆದುಕೊಡುತ್ತೇವೆ. ಜೊತೆಗೆ 30,000 ಯೂರೋ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟು, ರಜೆ ಪತ್ರ. ಆಫೀಸಿನಲ್ಲಿ ಸಿಕ್ಕಿರುವುದೂ ಅಳೆದು ತೂಗಿ ಎರಡು ವಾರ. ಅಂದರೆ ಆ ಸ್ವಾತಂತ್ರ್ಯವನ್ನು ಬೆಂಗಳೂರಿನ ವೀಸಾ ಕೇಂದ್ರದ ಕೌಂಟರಿನಲ್ಲೇ ಬಿಟ್ಟು ಬಂದಿರುತ್ತೇವೆ, ಮತ್ತೆ ಅದಕ್ಕೇ ಪಾಸಿನಲ್ಲಿ ದುಡ್ಡು ಕೊಡೋದು ಯಾಕೆ ಅಲ್ವಾ?

ತಾರೀಖು ಗಟ್ಟಿಯಾಗಿದ್ದರೆ ಬಿಡಿ ಟಿಕೆಟ್ಟೇ ಅಗ್ಗ. ನಮ್ಮಲ್ಲಿ ಹುಬ್ಬಳ್ಳಿಗೆ ಸ್ಲೀಪರ್ ಟಿಕೆಟ್ ಎರಡು ತಿಂಗಳು ಮೊದಲು ಮಾಡಿಸಿದರೂ ಹಿಂದಿನ ವಾರ ಮಾಡಿಸಿದರೂ ಹೆಚ್ಚುಕಮ್ಮಿ ಒಂದೇ ದರ, ತತ್ಕಾಲ್ ಬಿಟ್ಟರೆ. ಅಲ್ಲಿ ದೂರದ ರೈಲಿನ ದರ ವಿಮಾನದ ದರದ ಹಾಗೆ ಏರುತ್ತಾ ಹೋಗುತ್ತದೆ. ಜರ್ಮನಿಯಲ್ಲಿ ಸ್ಪಾರ್‌ಪ್ರೈಸ್, ಆಸ್ಟ್ರಿಯಾದಲ್ಲಿ ಸ್ಪಾರ್‌ಶೀನೆ, ಇಟಲಿಯಲ್ಲಿ ಸೂಪರ್ ಎಕಾನಮಿ ಅಂತ ಮೊದಲು ಬಂದವರಿಗೆ ಅಗ್ಗದ ಟಿಕೆಟ್ ಇರುತ್ತವೆ. ಷರತ್ತು ಒಂದೇ, ಆ ರೈಲಿಗೇ ಹೋಗಬೇಕು, ಬೇಡವಾದರೆ ದುಡ್ಡು ವಾಪಸ್ ಬರುತ್ತದೆ ಅಂತ ನೆಚ್ಚಿಕೊಳ್ಳಬೇಡಿ.

ಇಲ್ಲೊಂದು ಗಂಟಿದೆ. ವೀಸಾ ಬರುವ ಮುಂಚೆ ಈ ಟಿಕೆಟ್ ಮಾಡಿಸಿ ವೀಸಾ ಸಿಗದಿದ್ದರೆ ಎರಡೂ ಹೋಯ್ತು. ವೀಸಾ ಶುಲ್ಕವೇ ತಲೆಗೆ 90 ಯೂರೋ, ಅದಂತೂ ವಾಪಸ್ ಇಲ್ಲ. ಹಾಗಾಗಿ ನಾನು ಮಾಡುವುದು ಇಷ್ಟೇ: ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದಲೇ ಅರ್ಜಿ ಹಾಕಬಹುದು, ಸಾಧ್ಯವಾದಷ್ಟು ಬೇಗ ಹಾಕಿ, ಪಾಸ್‌ಪೋರ್ಟ್ ಕೈಗೆ ಬಂದ ದಿನ ಸಂಜೆಯೇ ರೈಲು ಟಿಕೆಟ್ ಕೊಳ್ಳುತ್ತೇನೆ. ರದ್ದು ಮಾಡಬಹುದಾದ ಹೋಟೆಲ್‌ಗಳನ್ನು ಮಾತ್ರ ಮೊದಲೇ ಹಿಡಿದಿಟ್ಟಿರುತ್ತೇನೆ.

ಚಿಕ್ಕಪ್ಪನ ಮಗನ ಪಟ್ಟಿಯಲ್ಲಿ ಹದಿಮೂರು ರಾತ್ರಿಗೆ ಏಳು ದೇಶ ಇತ್ತು. ಆಮ್‌ಸ್ಟರ್‌ಡ್ಯಾಂ, ಪ್ಯಾರಿಸ್, ಅಲ್ಲಿಂದ ಎಲ್ಲೋ ಪ್ರಾಗ್, ಮತ್ತೆ ಸ್ವಿಟ್ಜರ್ಲೆಂಡ್. ನಕ್ಷೆಯ ಮೇಲೆ ಗೆರೆ ಎಳೆದರೆ ಜಿಲೇಬಿ. ಕೊನೆಗೆ ಉಳಿದದ್ದು: ಪ್ರಾಗ್ 3 ರಾತ್ರಿ, ವಿಯೆನ್ನಾ 3, ವೆನಿಸ್ 2, ಫ್ಲಾರೆನ್ಸ್ 2, ರೋಮ್ 3. ಇಳಿಯುವುದು ಪ್ರಾಗಿನಲ್ಲಿ, ವಾಪಸ್ ವಿಮಾನ ರೋಮಿನಿಂದ. ಬಂದ ದಾರಿಯಲ್ಲೇ ತಿರುಗಿ ಬರುವ ಕೆಲಸವಿಲ್ಲ. ಇಳಿಯುವುದು ಚೆಕ್ ದೇಶದಲ್ಲಾದರೂ ಜಾಸ್ತಿ ರಾತ್ರಿ ಇಟಲಿಯಲ್ಲಿ, ಹಾಗಾಗಿ ವೀಸಾ ಅರ್ಜಿ ಇಟಲಿಗೆ.

ಇದರಲ್ಲಿ ರೈಲು ಹತ್ತುವ ದಿನ ನಾಲ್ಕೇ. ಪ್ರಾಗ್‌ನಿಂದ ವಿಯೆನ್ನಾ ಸುಮಾರು ನಾಲ್ಕು ತಾಸು. ಫ್ಲಾರೆನ್ಸ್‌ನಿಂದ ರೋಮ್ ಒಂದೂವರೆ ತಾಸು, ಒಂದು ನಿದ್ದೆಗೂ ಸಾಲದು. ಅಷ್ಟು ಸಣ್ಣ ಪ್ರಯಾಣಕ್ಕೆ ಪಾಸಿನ ಒಂದು ಇಡೀ ದಿನ ಸುಡುವುದು, ಮೇಲೆ ಇಟಲಿಯ ವೇಗದ ರೈಲಿಗೆ ಸೀಟ್ ರಿಸರ್ವೇಶನ್ ಅಂತ ಬೇರೆ ದುಡ್ಡು ಕಟ್ಟುವುದು, ಲೆಕ್ಕಕ್ಕೆ ಕೂರುವುದಿಲ್ಲ. ಫ್ರಾನ್ಸಿನ ವೇಗದ ರೈಲು ಟಿಜಿವಿಯಲ್ಲೂ ಇದೇ ಕಥೆ, ಅಲ್ಲಿ ಪಾಸಿನವರಿಗೆ ಇಡುವ ಸೀಟೂ ಕಮ್ಮಿ.

ವಿಯೆನ್ನಾ–ವೆನಿಸ್ ಮಾತ್ರ ಉದ್ದ, ಹಗಲಿನ ಅರ್ಧಕ್ಕಿಂತ ಜಾಸ್ತಿ ರೈಲಲ್ಲೇ. ಆದರೂ ವಿಮಾನ ಬೇಡ ಅಂತ ನಾನು ಹಟ ಮಾಡುತ್ತೇನೆ. ದಾರಿಯಲ್ಲಿ ಸೆಮ್ಮರಿಂಗ್ ಬೆಟ್ಟ ಸಿಗುತ್ತದೆ. 1854ರಲ್ಲಿ ಶುರುವಾದ ಹಳಿ, ಕಲ್ಲಿನ ಸೇತುವೆಗಳ ಮೇಲೆ ಸುತ್ತಿ ಸುತ್ತಿ ಹತ್ತುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಕಿಟಕಿಗೆ ಅಂಟಿಕೊಂಡು ಕೂತವರಿಗೆ ಬೇರೆ ಹೇಳಬೇಕಾಗಿಲ್ಲ. ಬುತ್ತಿ ತಿನ್ನಲು ಯಾರೂ ಬೇಡ ಅನ್ನುವುದಿಲ್ಲ. ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಒಯ್ಯಿರಿ. ಧಾರವಾಡ ಪೇಡ ಬೇಡ, ಹೊರದೇಶದಿಂದ ಹಾಲಿನ ಪದಾರ್ಥ ತರಲು ಅಲ್ಲಿ ಬಿಡುವುದಿಲ್ಲ.

ಹಾಗಾದರೆ ಪಾಸ್ ಯಾರಿಗೆ? ಮಕ್ಕಳಿರುವವರು ಒಮ್ಮೆ ಲೆಕ್ಕ ಹಾಕಿ ನೋಡಿ, 4ರಿಂದ 11 ವರ್ಷದ ಇಬ್ಬರು ಮಕ್ಕಳಿಗೆ ಒಬ್ಬ ದೊಡ್ಡವರ ಜೊತೆ ಪಾಸ್ ಉಚಿತ. ಇನ್ನು ಸ್ವಿಟ್ಜರ್ಲೆಂಡಿಗೆ ನನ್ನ ಮಾತು ಅನ್ವಯಿಸುವುದೇ ಇಲ್ಲ. ಅಲ್ಲಿ ಇಂಟರ್‌ಲಾಕನ್‌ನಲ್ಲೋ ಲೂಸರ್ನ್‌ನಲ್ಲೋ ಒಂದೇ ಹೋಟೆಲಿನಲ್ಲಿ ನಾಲ್ಕು ರಾತ್ರಿ ಕೂತು, ಬೆಳಿಗ್ಗೆ ಇಂಟರ್‌ನೆಟ್ಟಿನ ಲೈವ್ ಕ್ಯಾಮೆರಾದಲ್ಲಿ ಬೆಟ್ಟದ ಮೇಲೆ ಮೋಡ ಇದೆಯಾ ನೋಡಿ, ಆಮೇಲೆ ಎತ್ತ ಹೋಗೋದು ಅಂತ ತೀರ್ಮಾನ ಮಾಡಬೇಕು. ಮೋಡದ ದಿನಕ್ಕೆ ಯುಂಗ್‌ಫ್ರಾವ್ ಬೆಟ್ಟದ ಟಿಕೆಟ್ ಮೊದಲೇ ಕೊಂಡವರು ಅಷ್ಟು ದುಡ್ಡು ಕೊಟ್ಟು ಬೆಳ್ಳಗಿನ ಗೋಡೆ ನೋಡಿ ಬರುತ್ತಾರೆ. ಇಲ್ಲಿ ಸ್ವಾತಂತ್ರ್ಯಕ್ಕೆ ಬೆಲೆ ಇದೆ. ಆದರೆ ಅಲ್ಲಿಗೇ ಅಂತ ಇರುವ ಸ್ವಿಸ್ ಟ್ರಾವೆಲ್ ಪಾಸ್, ಹಾಫ್ ಫೇರ್ ಕಾರ್ಡ್ ಮೊದಲು ನೋಡಿ.

ಟಿಕೆಟ್ ಹುಡುಕುವಾಗ ಊರಿನ ಹೆಸರು ಅಲ್ಲಿಯವರ ಹಾಗೆ ಹಾಕಿ: ಪ್ರಾಹಾ, ವೀನ್, ವೆನೆಟ್ಸಿಯಾ, ಫಿರೆಂಜೆ. ಸ್ಟೇಷನ್ ಹೆಸರನ್ನಂತೂ ಎರಡು ಸಲ ಓದಿ. ನಾನು ಓದಲಿಲ್ಲ. ವೆನಿಸ್ ಅಂತ ಕಂಡ ಮೊದಲ ಬೋರ್ಡಿಗೇ ಎರಡು ಸೂಟ್‌ಕೇಸ್ ಸಮೇತ ಎಲ್ಲರನ್ನೂ ಇಳಿಸಿಬಿಟ್ಟೆ. ಅದು ಮೆಸ್ತ್ರೆ, ದಡದ ಮೇಲಿನ ಊರು. ನೀರಿನ ನಡುವಿನ ವೆನಿಸಿಗೆ ಸಾಂಟಾ ಲೂಚಿಯಾ ಸ್ಟೇಷನ್, ಉದ್ದನೆಯ ಸೇತುವೆ ದಾಟಿ ಇನ್ನೊಂದು ಹತ್ತು ನಿಮಿಷ. "ದೋಣಿ ಎಲ್ಲಿ?" ಅಂತ ಅಮ್ಮ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೇಳಿದ್ದನ್ನು ಮನೆಯಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ.